ನಿಮ್ಮನೇಲಿ ಎಂತ ಮಾಡೂದಿಲ್ಲ?

ಕಾರಕೂನ ಮಾಮನ ಬಲಗಿವಿಯ ಹಿಂದೆ ಯಾವಾಗಲೂ ಬಿದಿರಿನ ಒಂದು ತೆಳು ಸೀಳು ಸಿಕ್ಕಿಕೊಂಡಿರುತ್ತಿತ್ತು. ಕಚೇರಿಯ ಬೇರೆ ಕಾರಕೂನರು ಅಲ್ಲಿ ಪೆನ್ಸಿಲು ಇಡುತ್ತಿದ್ದರು. ಇವರದು ಗೇಣುದ್ದದ, ಗಾಜಿನ ಚೂರಿನಿಂದ ಹೆರೆದು ನಯ ಮಾಡಿದ, ವರ್ಷಗಟ್ಟಲೆ ಕೈಬೆವರು ಕುಡಿದು ಜೇನಿನ ಬಣ್ಣಕ್ಕೆ ತಿರುಗಿದ ಸೀಳು. ಹಳೆಯ ದಫ್ತರದ ಪುಟ ಮಗುಚಬೇಕಾದಾಗ ಅದನ್ನು ಕಿವಿಯಿಂದ ತೆಗೆದು, ಎರಡು ಪುಟಗಳ ನಡುವೆ ಮೆಲ್ಲಗೆ ತೂರಿಸಿ, ದೋಸೆ ಎಬ್ಬಿಸುವವರ ಹಾಗೆ ಎತ್ತುತ್ತಿದ್ದರು. ಬೆರಳನ್ನು ನಾಲಿಗೆಗೆ ತಾಗಿಸಿ ಪುಟ ತಿರುಗಿಸುವವರನ್ನು ಕಂಡರೆ ಅವರಿಗೆ ಮೈಯುರಿ. ಸಮುದ್ರದ ತೇವ ಅರ್ಧ ತಿಂದದ್ದನ್ನು ಇವರು ಎಂಜಲು ಹಚ್ಚಿ ಪೂರ್ತಿ ಮಾಡ್ತಾರೆ ಎಂದು ಗೊಣಗುತ್ತಿದ್ದರು.

ಬಲಗಿವಿ ಎಂದು ಬರೆದೆ. ಅಕ್ಕ ಎಡಗಿವಿ ಎನ್ನುತ್ತಾಳೆ. ನಾನು ಕಣ್ಣು ಮುಚ್ಚಿದರೆ ಬಲಗಿವಿಯೇ ಕಾಣುತ್ತದೆ. ಆದರೆ ಕಣ್ಣು ಮುಚ್ಚಿ ಕಂಡದ್ದಕ್ಕೆ ಎಷ್ಟು ಬೆಲೆ ಕೊಡಬೇಕೆಂದು ಈ ವಯಸ್ಸಿನಲ್ಲಿ ನನಗೆ ತಿಳಿದಿದೆ. ಅವರ ಬಗ್ಗೆ ಬರೆಯಬೇಕೆಂದು ಎರಡು ಮೂರು ಸಲ ಕುಳಿತು ಎದ್ದಿದ್ದೇನೆ. ಪ್ರತಿ ಸಲವೂ ಏನೋ ಒಂದು ಅಕ್ಕನ ನೆನಪಿಗೂ ನನ್ನ ನೆನಪಿಗೂ ತಾಳೆಯಾಗುವುದಿಲ್ಲ. ಈ ಸಲ ಎರಡನ್ನೂ ಬರೆದುಬಿಡುತ್ತೇನೆ.

ಹೊನ್ನಾವರದಲ್ಲಿ ನಮ್ಮ ಮನೆಯ ಎದುರಿಗೇ ಅವರ ಮನೆ. ನಡುವೆ ಒಂದು ಗಾಡಿ ಹೋಗುವಷ್ಟು ಓಣಿ. ಮಾಮಲೇದಾರ ಕಚೇರಿಯ ದಫ್ತರ ಕೋಣೆಯಲ್ಲಿ ಮೂವತ್ತು ಚಿಲ್ಲರೆ ವರ್ಷ ಕಳೆದು ನಿವೃತ್ತರಾಗಿದ್ದರು. ಹೆಂಡತಿ ಬೇಗ ಹೋಗಿದ್ದರು, ಮಕ್ಕಳಿರಲಿಲ್ಲ. ನಮ್ಮದು ಕೊಂಕಣಿ ಮನೆ, ಅವರದು ಕನ್ನಡ. ಆದರೂ ನಾವು ಹುಟ್ಟುವ ಮೊದಲೇ ಅವರು ನಮಗೆ ಮಾಮ ಆಗಿದ್ದರು. ಅಪ್ಪ ತೀರಿಕೊಂಡ ಮೇಲೆ ಅಮ್ಮ, ನಮ್ಮ ಆಯಿ, ದಿನಾ ಒಂದು ಬಟ್ಟಲು ಪಲ್ಯವನ್ನೋ ಸಾರನ್ನೋ ಓಣಿ ದಾಟಿಸಿ ಕೊಟ್ಟು ಬರುತ್ತಿದ್ದಳು. ಬಟ್ಟಲು ಖಾಲಿಯಾಗಿ ಹಿಂದೆ ಬರುವಾಗ ಅದರಲ್ಲಿ ನಾಲ್ಕು ಸಂಪಿಗೆಯೋ ಒಂದು ನಿಂಬೆಯೋ ಇರುತ್ತಿತ್ತು. ಒಂದು ದಿನವೂ ಬರಿದಾಗಿ ಬಂದದ್ದಿಲ್ಲ. ಈ ಒಂದು ವಿಷಯದಲ್ಲಿ ನಮ್ಮಿಬ್ಬರ ನೆನಪೂ ಒಂದೇ.

ಹಳೆಯ ಮರಾಠಿ ದಾಖಲೆಗಳ ಮೋಡಿ ಲಿಪಿಯನ್ನು ಸಲೀಸಾಗಿ ಓದಬಲ್ಲವರು ಆಗಲೇ ಕಡಿಮೆಯಾಗಿದ್ದರು. ಹೀಗಾಗಿ ಕುಮಟೆಯಿಂದ, ಭಟ್ಕಳದಿಂದ, ಮಿರ್ಜಾನದಿಂದ ಜನ ಅವರ ಜಗಲಿಗೆ ಬರುತ್ತಿದ್ದರು. ಬರುವವರೆಲ್ಲರ ಪ್ರಶ್ನೆಯೂ ಒಂದೇ, ನಾವು ಎಲ್ಲಿಂದ ಬಂದವರು. ನಮ್ಮ ಕರಾವಳಿಯಲ್ಲಿ ಅರ್ಧ ಜನ ಎಲ್ಲಿಂದಲೋ ಬಂದವರೇ. ಕೆಲವರು ಗೋವೆಯಿಂದ ದೋಣಿಯಲ್ಲಿ, ಕೆಲವರು ಘಟ್ಟ ಇಳಿದು, ಕೆಲವರು ತೆಂಕಣ ಸಮುದ್ರದ ಕಡೆಯಿಂದ. ನಾಲ್ಕು ತಲೆಮಾರು ಕಳೆಯುವಷ್ಟರಲ್ಲಿ ಬಂದ ದಾರಿ ಮರೆತಿರುತ್ತದೆ. ಆಮೇಲೆ ಮನೆಯಲ್ಲಿ ಯಾರಿಗೋ ಕಾಯಿಲೆಯಾಗುತ್ತದೆ, ಕುಲದೇವರಿಗೆ ಹರಕೆ ಹೊರಬೇಕೆನ್ನುತ್ತಾರೆ, ಯಾವ ದೇವರು ಎಂದು ಗೊತ್ತಿರುವುದಿಲ್ಲ.

ಬಂದವರು ಕುಳಿತು ತಮ್ಮ ಮನೆತನದ ದೊಡ್ಡಸ್ತಿಕೆ ಹೇಳತೊಡಗುತ್ತಿದ್ದರು. ಮಾಮ ಅರ್ಧ ಕೇಳಿ ಕೈ ಎತ್ತುವರು. "ಅದೆಲ್ಲ ಇರ್ಲಿ. ನಿಮ್ಮನೇಲಿ ಎಂತ ಮಾಡೂದಿಲ್ಲ?"

ಹೊಸಬರು ತಬ್ಬಿಬ್ಬಾಗುತ್ತಿದ್ದರು. ಮಾಮ ಬಿಡಿಸಿ ಹೇಳುವರು. ಯಾವ ತರಕಾರಿ ಒಳಗೆ ತರೂದಿಲ್ಲ? ಯಾವ ವಾರ ಒಲೆಗೆ ಸಗಣಿ ಸಾರಿಸೂದಿಲ್ಲ? ಬಾಣಂತಿಗೆ ಎಂತ ಕೊಡೂದಿಲ್ಲ? ಅವರ ಲೆಕ್ಕದಲ್ಲಿ, ಮಾಡುವುದನ್ನು ಜನ ನೆರೆಮನೆ ನೋಡಿ ಕಲಿಯುತ್ತಾರೆ, ಅನುಕೂಲ ಬಂದಾಗ ಹೊಸದಾಗಿ ಸೇರಿಸಿಕೊಳ್ಳುತ್ತಾರೆ. ಮಾಡದೇ ಇರುವುದನ್ನು ಯಾರೂ ಹೊಸದಾಗಿ ಕಟ್ಟಿಕೊಳ್ಳುವುದಿಲ್ಲ, ಅದು ಮೂಲ ಊರಿನಿಂದ ಬಂದದ್ದೇ ಇರಬೇಕು. ಕುಮಟೆಯ ಒಬ್ಬ ದೊಡ್ಡ ವ್ಯಾಪಾರಿ ತಮ್ಮದು ಸೇನಾಪತಿಯ ವಂಶ ಎಂದು ಗಂಟೆಗಟ್ಟಲೆ ಹೇಳಿದ್ದರಂತೆ. ಜೊತೆಗೆ ಬಂದಿದ್ದ ಅವರ ತಾಯಿ, ನಮ್ಮಲ್ಲಿ ಸುಗ್ಗಿ ಮುಗಿಯೂವರೆಗೆ ಮನೆಗೆ ಹೊಸ ಗಡಿಗೆ ತರೂದಿಲ್ಲ ಎಂದರಂತೆ. ಆ ಒಂದು ಮಾತು ಹಿಡಿದು ಮಾಮ ಅವರನ್ನು ಘಟ್ಟದ ಮೇಲಿನ ಒಂದು ಕುಂಬಾರರ ಕೇರಿಗೆ ಕಳಿಸಿದರು. ಹೋದವರಿಗೆ ಅಲ್ಲಿ ದಾಯಾದಿಗಳೂ ಸಿಕ್ಕರು, ದೇವರೂ ಸಿಕ್ಕಿತು. ಸೇನಾಪತಿ ಮಾತ್ರ ಸಿಗಲಿಲ್ಲ ಎಂದು ಮಾಮ ನಗುತ್ತಿದ್ದರು.

ನಾನು ಆಗ ಮುಂಬಯಿಯಲ್ಲಿ ಇತಿಹಾಸ ಓದಿ ಬಿ.ಎ. ಮುಗಿಸಿ ಊರಿಗೆ ಬಂದಿದ್ದೆ. ಯುದ್ಧ ಮುಗಿದ ಮರುವರ್ಷ. ಕೆಲಸಕ್ಕೆ ಅರ್ಜಿ ಹಾಕುವುದು, ಉತ್ತರಕ್ಕೆ ಕಾಯುವುದು, ಸಂಜೆ ಮಾಮನ ಜಗಲಿಯಲ್ಲಿ ವಾದ ಮಾಡುವುದು, ಇಷ್ಟೇ ನನ್ನ ದಿನಚರಿ. ವಂಶಾವಳಿ ಎಲ್ಲ ಜನ ಆಮೇಲೆ ಕುಳಿತು ಹೊಲಿದ ಅಂಗಿ, ಮೈಗೆ ತಕ್ಕ ಹಾಗೆ ಹೊಲಿದಿರುತ್ತಾರೆ ಎಂದು ನಾನು ಹೇಳುತ್ತಿದ್ದೆ. ನಿಮ್ಮ 'ಮಾಡೂದಿಲ್ಲ' ಕೂಡ ಬರೀ ಊಹೆ, ಪುರಾವೆ ಅಲ್ಲ ಎನ್ನುತ್ತಿದ್ದೆ. ಅವರಿಗೆ ಸಿಟ್ಟು ಬಂದದ್ದು ನಾನು ಕಂಡಿಲ್ಲ.

"ನೀ ಮುಂಬಯಿಗೆ ಹೋಗಿ ಓದ್ಕಂಡು ಬಂದದ್ದು ನಂಬೂದು ಬಿಡೂಕಾ, ತಮ್ಮಾ?" ಎಂದು ಒಮ್ಮೆ ಕೇಳಿದರು.

ಪರೀಕ್ಷೆ ಮಾಡಿ ನಂಬೂದಕ್ಕೆ ಎಂದೆ.

"ಆತು. ಹಂಗಾರೆ ಪರೀಕ್ಷೆ ಮಾಡು. ಕೂತು ಮಾತಾಡ್ಬೇಡ."

ಪರೀಕ್ಷೆ ನಮ್ಮ ಮನೆಗೇ ಬಂತು.

ನಮ್ಮನ್ನು ಊರಿನಲ್ಲಿ ದೋಣಿಮನೆಯವರು ಎನ್ನುತ್ತಿದ್ದರು. ಮುತ್ತಜ್ಜ ಗೋವೆಯ ಕಡೆಯಿಂದ ಒಬ್ಬನೇ ದೋಣಿಯಲ್ಲಿ ಬಂದು ಹೊನ್ನಾವರದ ದಕ್ಕೆಯಲ್ಲಿ ಇಳಿದ ಎಂಬುದು ನಮಗೆ ಗೊತ್ತಿದ್ದ ಚರಿತ್ರೆಯೆಲ್ಲ. ಅಜ್ಜ ಸತ್ತಾಗ ಅಪ್ಪನಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಆಗ ಬಂದ ಪುರೋಹಿತರು ಮನೆಯಲ್ಲಿ ಗಂಡಸರು ಯಾರೂ ಇಲ್ಲದ್ದನ್ನು ನೋಡಿ, ಗೋತ್ರ ತಿಳಿಯದವರಿಗೆ ಹೇಳಿಸುವ ವಾಡಿಕೆಯಂತೆ ಕಾಶ್ಯಪ ಎಂದು ಹೇಳಿಸಿ ಶ್ರಾದ್ಧ ಮುಗಿಸಿದರು. ಅಪ್ಪ ಬದುಕಿರುವವರೆಗೂ ಅದನ್ನೇ ಹೇಳಿಕೊಂಡು ಬಂದರು. ನಿಜವಾಗಿ ಕಾಶ್ಯಪ ಗೋತ್ರದವರಿಗೆ ಕುಲದೇವರ ಹೆಸರಿರುತ್ತದೆ, ದೇವಸ್ಥಾನವಿರುತ್ತದೆ. ನಮಗೆ ಎರಡೂ ಇರಲಿಲ್ಲ. ಹೆಣ್ಣು ಕೇಳಲು ಬಂದವರಿಗೆ ಅಷ್ಟರಲ್ಲೇ ಅರ್ಥವಾಗುತ್ತಿತ್ತು.

ಅಕ್ಕನಿಗೆ ಇಪ್ಪತ್ತನಾಲ್ಕು ಆಗಿತ್ತು. ಎರಡು ಸಂಬಂಧ ಇದೇ ಕಾರಣಕ್ಕೆ ತಪ್ಪಿದ್ದವು. ಮೂರನೆಯದು ಭಟ್ಕಳದ ಬಟ್ಟೆ ಅಂಗಡಿಯವರ ಮನೆಯದು. ಆ ಹುಡುಗ ಕುಮಟೆಯ ಒಂದು ಮದುವೆಯಲ್ಲಿ ಅಕ್ಕನನ್ನು ನೋಡಿದ್ದ. ಅಕ್ಕನೂ ಅವನನ್ನು ನೋಡಿದ್ದಳು ಎಂಬುದು, ಅವನ ಮನೆಯಿಂದ ಕಾಗದ ಬಂದ ದಿನ ಅವಳು ಒಂದೇ ಕೊಡಕ್ಕೆ ಮೂರು ಸಲ ಬಾವಿಗೆ ಹೋದದ್ದರಿಂದ ನಮಗೆ ತಿಳಿಯಿತು. ಹುಡುಗನ ತಂದೆ ತಾಯಿ ಒಪ್ಪಿದ್ದರು. ಕಡೆಯ ಮಾತು ಅವನ ಅಜ್ಜಿಯದು. ಅಜ್ಜಿ ಕೇಳಿದ್ದು ಇಷ್ಟೇ. ಹುಡುಗಿ ಚಂದ ಇರ್ಲಿ ಬಿಡ್ಲಿ, ಯಾರ ಪೈಕಿ ಅಂತ ಹೇಳಿ.

ಇಂಥ ಪ್ರಶ್ನೆ ಕೇಳುವ ಮನೆಗೆ ಅಕ್ಕನನ್ನು ಕೊಡುವುದೇ ಬೇಡ ಎಂದು ನಾನು ಭಾಷಣ ಮಾಡಿದೆ. ಅಕ್ಕ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ. ನೀ ಮದುವೆಯಾಗೂದಾ, ನಾನಾ ಎಂದಳು. ಮರುದಿನ ಆಯಿ ಬಟ್ಟಲು ಹಿಡಿದು ಓಣಿ ದಾಟಿದವಳು ಬೇಗ ಹಿಂದೆ ಬರಲಿಲ್ಲ.

ಮಾಮ ನಮ್ಮ ಮನೆಗೇ ಬಂದು ಅಡುಗೆಮನೆಯ ಬಾಗಿಲ ಹೊರಗೆ ಮಣೆ ಹಾಕಿಕೊಂಡು ಕುಳಿತರು. ಅಷ್ಟು ವರ್ಷ ಎದುರು ಮನೆಯಲ್ಲಿದ್ದೂ ಆ ಪ್ರಶ್ನೆಯನ್ನು ಆಯಿಗೆ ಕೇಳಿರಲಿಲ್ಲ. ತಾನಾಗಿ ಕೇಳಿಕೊಂಡು ಬಾರದವರ ಮೂಲ ಕೆದಕಬಾರದು ಎಂಬುದು ಅವರ ನಿಯಮ.

ಆಯಿ ಸ್ವಲ್ಪ ಯೋಚಿಸಿ, "ಪತ್ರೊಡೆ ಸುತ್ತೂದಿಲ್ಲ" ಎಂದಳು.

ಕೊಂಕಣಿ ಮನೆಯಲ್ಲಿ ಪತ್ರೊಡೆ ಇಲ್ಲವೆಂದರೆ ಯಾರೂ ನಂಬುವುದಿಲ್ಲ. ಮಳೆಗಾಲದಲ್ಲಿ ಕೆಸುವಿನ ಎಲೆ ಚಿಗುರಿದ ಮೇಲೆ ಯಾವ ಮನೆಯ ಮುಂದೆ ಹೋದರೂ ಅದೇ ವಾಸನೆ. ನಮ್ಮ ಮನೆಯಲ್ಲಿ ಕೆಸುವಿನ ಸೊಪ್ಪಿನ ಸಾರು ಮಾಡುತ್ತಿದ್ದೆವು, ಬೇರೆಯವರ ಮನೆಯಲ್ಲಿ ಪತ್ರೊಡೆ ಕೊಟ್ಟರೆ ಎರಡನೆಯ ಸಲ ಹಾಕಿಸಿಕೊಂಡು ತಿನ್ನುತ್ತಿದ್ದೆವು. ಆದರೆ ಎಲೆಗೆ ಹಿಟ್ಟು ಸವರಿ ಸುರುಳಿ ಸುತ್ತುವುದು ನಮ್ಮ ಹೊಸ್ತಿಲ ಒಳಗೆ ಇರಲಿಲ್ಲ. ಆಯಿ ಸೊಸೆಯಾಗಿ ಬಂದ ವರ್ಷ ಸುತ್ತಲು ಕುಳಿತಾಗ ಅತ್ತೆ ಬಂದು ಎಲೆಯನ್ನು ಕೈಯಿಂದ ತೆಗೆದಿದ್ದರಂತೆ. ಕಾರಣ ಅತ್ತೆಗೂ ಗೊತ್ತಿರಲಿಲ್ಲ. ಅವರಿಗೂ ಅವರ ಅತ್ತೆ ಹೇಳಿದ್ದಷ್ಟೆ.

ಮಾಮನ ಮುಖ ಅರಳಿತು. ಇಂಥದ್ದನ್ನು ಅವರು ಎಲ್ಲೂ ಕೇಳಿರಲಿಲ್ಲವಂತೆ, ಎಷ್ಟು ಅಪರೂಪವೋ ಅಷ್ಟು ಗಟ್ಟಿ. ಮೊದಲು ಭಟ್ಕಳಕ್ಕೆ ಹೋಗಿ ಅಜ್ಜಿಯನ್ನೇ ಮಾತಾಡಿಸಿ, ಹುಡುಕುವುದಕ್ಕೆ ಒಂದೆರಡು ತಿಂಗಳು ಗಡುವು ಕೇಳುವ ಎಂದರು.

ತಾರಿಯಲ್ಲಿ ಶರಾವತಿ ದಾಟಿ, ಕಾಸರಕೋಡಿನಲ್ಲಿ ಇದ್ದಲ ಗ್ಯಾಸಿನ ಬಸ್ಸು ಹಿಡಿದು, ಏರು ಬಂದಲ್ಲೆಲ್ಲ ಇಳಿದು ನಡೆದು ಭಟ್ಕಳ ಮುಟ್ಟಿದೆವು. ಅಜ್ಜಿ ಒಳಗಿನ ಕಂಬಕ್ಕೆ ಒರಗಿ ಕುಳಿತಿದ್ದರು. ಸಣ್ಣ ಮೈ, ದೊಡ್ಡ ಧ್ವನಿ. ಮಾಮನ ಮುರುಕು ಕೊಂಕಣಿ ಕೇಳಿ, ನೀವು ಕನ್ನಡದಲ್ಲೇ ಮಾತಾಡಿ, ನಮ್ಮ ಭಾಷೆಗೆ ನೋವಾಗ್ತದೆ ಎಂದು ಚೇಷ್ಟೆ ಮಾಡಿದರು. ಮಾತು ಸುಗಮವಾಗಿ ಸಾಗಿತ್ತು. ಮಾಮ ಉಮೇದಿನಲ್ಲಿ ಪತ್ರೊಡೆಯ ಸುದ್ದಿ ತೆಗೆದರು.

ಅಜ್ಜಿ ಕವಳ ಜಗಿಯುವುದನ್ನು ನಿಲ್ಲಿಸಿದರು. "ನಮ್ಮಲ್ಲೂ ಸುತ್ತೂದಿಲ್ಲ."

ಆಮೇಲೆ ಅವರು ಹೇಳಿದ್ದು ಹೀಗೆ. ಅವರ ಗಂಡನ ಮನೆಯವರು ಗೋವೆಯ ಮಾಂಡವಿ ನದಿಯ ದಂಡೆಯ ಒಂದು ಹಳ್ಳಿಯವರು. ಯಾವುದೋ ಗಲಾಟೆಯಲ್ಲಿ ಮನೆ ಬಿಟ್ಟು ಹೊರಡಬೇಕಾಯಿತು. ಸಿಪಾಯಿಗಳು ಬಂದರೋ, ನದಿ ಉಕ್ಕಿತೋ, ಅದು ಅಜ್ಜಿಗೂ ತಿಳಿಯದು. ಆ ಹೊತ್ತಿಗೆ ಒಲೆಯ ಮೇಲೆ ಪತ್ರೊಡೆ ಹಬೆಗೆ ಇಟ್ಟಿತ್ತು. ಮನೆಯ ಯಜಮಾನಿ ಅದನ್ನು ಹಾಗೇ ಬಿಟ್ಟು ದೋಣಿ ಹತ್ತಿದಳು. ಇನ್ನು ಸುತ್ತುವುದಾದರೆ ಇದೇ ಒಲೆಗೆ ವಾಪಸು ಬಂದ ಮೇಲೆ ಎಂದಳಂತೆ. ವಾಪಸು ಹೋಗುವುದು ಆಗಲೇ ಇಲ್ಲ. ಇಷ್ಟು ಅಚ್ಚುಕಟ್ಟಾದ ಕಥೆಯನ್ನು ನಾನು ಆಗಲೂ ನಂಬಲಿಲ್ಲ, ಈಗಲೂ ಪೂರ್ತಿ ನಂಬುವುದಿಲ್ಲ. ಆದರೆ ಅಜ್ಜಿ ಹೇಳುವಾಗ ಮಧ್ಯದಲ್ಲಿ ಒಮ್ಮೆ ಒಳಗಿನ ಒಲೆಯ ಕಡೆ ನೋಡಿದರು. ಅದನ್ನು ನಾನು ಕಂಡಿದ್ದೇನೆ, ಅಥವಾ ಕಂಡೆನೆಂದು ನನಗೆ ಖಾತ್ರಿಯಿದೆ.

ಕಥೆ ಮುಗಿಸಿ ಅಜ್ಜಿ ಮಾಮನನ್ನು ನೇರ ನೋಡಿದರು. "ಹಾಗಾದ್ರೆ ನೀವು ನಾವು ಒಂದೇ ಮನೆ. ನಮ್ಮದು ವತ್ಸ ಗೋತ್ರ. ಹುಡುಗಿಯದ್ದೂ ಅದೇ ಆತಲ್ಲ. ಅಣ್ಣ ತಂಗಿಗೆ ಮದುವೆ ಮಾಡ್ಲಿಕ್ಕೆ ಬರ್ತದಾ?"

ಯಾರ ಪೈಕಿ ಎಂದು ಕೇಳಿದ್ದಕ್ಕೆ ನಮ್ಮದೇ ಪೈಕಿ ಎಂಬ ಉತ್ತರ ಸಿಕ್ಕಿತ್ತು. ಅಜ್ಜಿಗೆ ದುಃಖವಾದದ್ದು ನಿಜ. ಕಳೆದುಹೋದ ದಾಯಾದಿ ಸಿಕ್ಕನೆಂದು ನನಗೆ ಎರಡು ಸಲ ಪಾಯಸ ಬಡಿಸಿದರು.

ಹಿಂದೆ ಬರುವಾಗ ತಾರಿಯಲ್ಲಿ ನಾನು ಮಾಮನ ಮೇಲೆ ಹರಿಹಾಯ್ದೆ. ನಿಮ್ಮ ಪ್ರಶ್ನೆ ನಿಮ್ಮ ಜಗಲಿಯಲ್ಲೇ ಇರಬೇಕಾಗಿತ್ತು ಎಂದೆ. ಈಗ ಒಂದೇ ದಾರಿ, ನೀವೇ ಒಂದು ಹಳೆಯ ಕಾಗದದ ಮೇಲೆ ಮೋಡಿಯಲ್ಲಿ ನಮಗೆ ಬೇರೆ ಗೋತ್ರ ಬರೆದು ಕೊಡಿ, ಓದುವವರು ಈ ತಾಲೂಕಿನಲ್ಲಿ ನೀವೊಬ್ಬರೇ ಎಂದೆ. ಪುರಾವೆ ಪುರಾವೆ ಎಂದು ಅವರ ತಲೆ ತಿಂದಿದ್ದವನು ನಾನೇ.

ಮಾಮ ನೀರಿನ ಕಡೆ ತಿರುಗಿದರು. "ಬರೆಯೂಕೆ ಬರ್ತದೆ ನಂಗೆ. ನಿನ್ನ ಅಕ್ಕ ಜೀವಮಾನ ಇಡೀ ಆ ಕಾಗದಕ್ಕೆ ಹೆದರ್ಕಂಡು ಇರ್ಬೇಕಲ್ದಾ?" ಎಂದರು. ದಡ ಮುಟ್ಟುವವರೆಗೆ ಬಿದಿರ ಸೀಳು ಅವರ ಕೈಯಲ್ಲಿತ್ತು. ಅದರ ಅಂಚನ್ನು ಹೆಬ್ಬೆರಳಿನಿಂದ ತೀಡುತ್ತಲೇ ಇದ್ದರು.

ಮುಂದಿನದನ್ನು ನಾನು ಹೀಗೆ ನೆನಪಿಟ್ಟುಕೊಂಡಿದ್ದೇನೆ. ಮರುದಿನ ಮಧ್ಯಾಹ್ನ ಮಾಮ ನಮ್ಮ ಮನೆಗೆ ಬಂದು ಆಯಿಯ ಎದುರು ತಪ್ಪೊಪ್ಪಿಕೊಂಡವರಂತೆ ಎಲ್ಲ ಹೇಳಿದರು. ನಾನು ಕಿಟಕಿಯ ಬಳಿ ನಿಂತಿದ್ದೆ. ಅಕ್ಕ ಒಳಗಿಂದ ಬಂದಳು, ಕೈಯಲ್ಲಿ ತೊಳೆದ ಕೆಸುವಿನ ಎಲೆಗಳಿದ್ದವು. ಈಗ ಅಕ್ಕ ಹೇಳುತ್ತಾಳೆ, ನೀ ಆ ದಿನ ಕುಮಟೆಗೆ ಯಾವುದೋ ಕೆಲಸದ ಸಂದರ್ಶನಕ್ಕೆ ಹೋಗಿದ್ದಿ, ಮನೆಯಲ್ಲಿ ಇರಲೇ ಇಲ್ಲ, ಮಾಮ ನಿಂಗೆ ಆಮೇಲೆ ಹೇಳಿದ್ದು. ಕೈಯಲ್ಲಿ ಎಲೆಯೂ ಇರಲಿಲ್ಲ, ಹಿಟ್ಟಿನ ಕೈ ಎನ್ನುತ್ತಾಳೆ. ಇರಬಹುದು. ಬದುಕಿನ ಮುಖ್ಯ ಘಳಿಗೆಯೊಂದನ್ನು ನಾನು ಅಲ್ಲಿ ಇಲ್ಲದೆಯೇ ಇಷ್ಟು ಸ್ಪಷ್ಟವಾಗಿ ನೋಡಿದ್ದೇನೆ. ಅವಳು ಆಡಿದ ಮಾತಿನ ಬಗ್ಗೆ ಮಾತ್ರ ನಮ್ಮಲ್ಲಿ ತಕರಾರಿಲ್ಲ.

"ಮಾಮ, ಈ ಮನೇಲಿ ಸೋಮವಾರ ಹುಣಸೆಹಣ್ಣು ಮುಟ್ಟೂದಿಲ್ಲ. ಅದು ಯಾರ ಮನೆಯದ್ದು ಗೊತ್ತುಂಟಾ? ಆಯಿಯ ತವರುಮನೆಯದ್ದು. ಅಪ್ಪಂಗೆ ಅದರ ಗಂಧವೇ ಇರ್ಲಿಲ್ಲ. ನಾಳೆ ನಾ ಹೋದ ಮನೇಲೂ ಸೋಮವಾರ ಹುಳಿ ಇರೂದಿಲ್ಲ. ಪತ್ರೊಡೆ ಗಂಡಸರ ಕಡೆಯಿಂದ್ಲೇ ಬಂತು ಅಂತ ನಿಮಗೆ ಹೇಳ್ದವರು ಯಾರು?"

ಮಾಮ ಮಣೆಯಿಂದ ಎದ್ದು ನಿಂತರಂತೆ. ನಿಂತವರು ಮತ್ತೆ ಕುಳಿತರಂತೆ. ಆಮೇಲೆ ಜೋರಾಗಿ ನಕ್ಕರಂತೆ. ಆ ನಗು ಓಣಿಯ ಕೊನೆಗೆ ಕೇಳಿಸಿತ್ತು ಎಂದು ಆಯಿ ಹೇಳುತ್ತಿದ್ದಳು.

"ಮೂವತ್ತು ವರ್ಷ ಅಡುಗೆಮನೆ ಬಾಗಿಲಲ್ಲಿ ಕೂತು ಹೆಂಗಸರ ಬಾಯಿಂದ ಕೇಳ್ದೆ," ಎಂದರು. "ಕೇಳಿದ್ದನ್ನೆಲ್ಲ ಗಂಡಸರ ಹೆಸರಿಗೆ ಬರ್ದೆ. ಎಂತಾ ದಡ್ಡ ನಾನು."

ತಮ್ಮ ಜೀವಮಾನದ ಪದ್ಧತಿಯಲ್ಲಿ ಇಷ್ಟು ದೊಡ್ಡ ತೂತು ಇದೆಯೆಂದು ತಿಳಿದಾಗ ಸಂತೋಷಪಟ್ಟ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ. ಆಮೇಲೆ ಕಾಲೇಜುಗಳಲ್ಲಿ ದೊಡ್ಡ ದೊಡ್ಡ ವಿದ್ವಾಂಸರ ಜೊತೆ ಕೆಲಸ ಮಾಡಿದ್ದೇನೆ. ಯಾರಲ್ಲೂ ಕಂಡಿಲ್ಲ.

ಸಂಶಯ ಬಂದರೆ ಸಾಲದು, ದಾಖಲೆ ಬೇಕು. ಆ ವಾರವೇ ನಾವಿಬ್ಬರೂ ಗೋಕರ್ಣಕ್ಕೆ ಹೊರಟೆವು. ಕುಮಟೆಯವರೆಗೆ ಬಸ್ಸು, ಅಲ್ಲಿಂದ ಅಘನಾಶಿನಿಯವರೆಗೆ ನಡಿಗೆ, ದೋಣಿಯಲ್ಲಿ ತದಡಿ, ಮತ್ತೆ ನಡಿಗೆ. ಗೋಕರ್ಣದ ಪುರೋಹಿತರ ಮನೆಗಳಲ್ಲಿ ವಹಿಗಳಿರುತ್ತವೆ. ತೀರ್ಥಶ್ರಾದ್ಧಕ್ಕೆ ಬಂದವರು ಯಾರು, ಯಾರ ಮಗ, ಯಾರ ಮೊಮ್ಮಗ, ಯಾವ ಗೋತ್ರ, ಯಾವ ಊರು ಎಂದು ಬರೆದಿಡುತ್ತಾರೆ. ಊರಿಗೊಂದು ಕಟ್ಟು. ಹೊನ್ನಾವರದ ಕಟ್ಟನ್ನು ಮಾಮ ಹಿಂದೆ ಬೇರೆಯವರಿಗಾಗಿ ಎಷ್ಟೋ ಸಲ ಮಗುಚಿದ್ದರು, ಅದರಲ್ಲಿ ನಮ್ಮ ಮನೆಯವರ ಹೆಸರು ಕಂಡಿರಲಿಲ್ಲ. ಈಗ ಅವರು ಪುರೋಹಿತರಿಗೆ ಹೇಳಿದ್ದು ಮಾಂಡವಿ ದಂಡೆಯ ಆ ಹಳ್ಳಿಯ ಹೆಸರು. ಭಟ್ಕಳದ ಅಜ್ಜಿ ಹೇಳದಿದ್ದರೆ ಅದು ನಮಗೆ ಯಾವ ಜನ್ಮಕ್ಕೂ ತಿಳಿಯುತ್ತಿರಲಿಲ್ಲ.

ಕಟ್ಟು ಬಿಚ್ಚಿದಾಗ ಒಣಮೀನಿನಂತಹ ವಾಸನೆ ಬಂತು. ಮಾಮ ಮಡಿಪಂಚೆ ಉಟ್ಟು, ಕಿವಿಯಿಂದ ಸೀಳು ತೆಗೆದು ಕುಳಿತರು. ಮೊದಲ ದಿನ ಏನೂ ಸಿಗಲಿಲ್ಲ. ಎರಡನೆಯ ದಿನ ಊಟದ ಹೊತ್ತಿಗೆ ಅವರ ಕೈ ನಿಂತಿತು. ನನ್ನನ್ನು ಕರೆದು, ಮೋಡಿ ಬಾರದ ನನಗೆ ಒಂದೊಂದೇ ಅಕ್ಷರ ಸೀಳಿನ ತುದಿಯಿಂದ ತೋರಿಸುತ್ತ ಓದಿದರು.

ಅದು ಭಟ್ಕಳದವರ ಪೂರ್ವಿಕರೊಬ್ಬರು ಯಾತ್ರೆಗೆ ಬಂದಾಗ ಬರೆದ ದಾಖಲೆ. ವತ್ಸ ಗೋತ್ರ. ಅವರ ಕೆಳಗೆ ಎರಡು ಸಾಲು ಬೇರೆ. ಜೊತೆಗೆ ಬಂದ ಸೋದರಳಿಯ, ಹೊನ್ನಾವರದಲ್ಲಿ ವಾಸ, ಕೌಂಡಿನ್ಯ ಗೋತ್ರ. ಆಮೇಲೆ ಅವನ ತಂದೆಯ ಹೆಸರು, ಅಂದರೆ ದೋಣಿಯಿಂದ ಇಳಿದ ನಮ್ಮ ಮುತ್ತಜ್ಜನದು. ಆ ಸೋದರಳಿಯನೇ ನಮ್ಮ ಅಜ್ಜ. ತಂದೆಯ ತೀರ್ಥಶ್ರಾದ್ಧಕ್ಕೆ ಬಂದವನು, ಕ್ರಮದಂತೆ ತಾಯಿಯ ತಂದೆಗೂ ಪಿಂಡ ಇಟ್ಟಿದ್ದ. ಆ ತಾಯಿಯ ತಂದೆ ವತ್ಸ ಗೋತ್ರದ, ಅದೇ ಹಳ್ಳಿಯ ಯಜಮಾನ. ಸೋದರಮಾವನ ಜೊತೆ ಬಂದದ್ದರಿಂದ ಮಾವನ ಊರಿನ ಕಟ್ಟಿನಲ್ಲೇ ಅಜ್ಜನ ಹೆಸರೂ ಸೇರಿಹೋಗಿತ್ತು.

ಮುತ್ತಜ್ಜ ಒಬ್ಬನೇ ದೋಣಿಯಿಂದ ಇಳಿದನೆಂಬ ನಮ್ಮ ಚರಿತ್ರೆ ಅಲ್ಲಿಗೆ ಮುಗಿಯಿತು. ಅವನ ಜೊತೆಗೆ ಒಬ್ಬಳು ಹೆಂಡತಿ ಇದ್ದಳು. ಅವಳ ತಾಯಿ ಒಲೆಯ ಮೇಲೆ ಬಿಟ್ಟು ಬಂದದ್ದನ್ನು ಮಗಳು ಹೊನ್ನಾವರಕ್ಕೂ ಸೊಸೆ ಭಟ್ಕಳಕ್ಕೂ ಕೊಂಡೊಯ್ದಿದ್ದರು. ಮುತ್ತಜ್ಜಿಯ ತಂದೆಯ ಹೆಸರು ವಹಿಯಲ್ಲಿತ್ತು, ಅಣ್ಣನ ಹೆಸರಿತ್ತು, ಗಂಡನದು, ಮಗನದು ಇತ್ತು. ಅವಳದು ಇರಲಿಲ್ಲ.

ಮಾಮ ಸಾಲುಗಳನ್ನು ನಕಲು ಮಾಡಿಕೊಂಡು ಪುರೋಹಿತರ ಸಹಿ ಹಾಕಿಸಿದರು. ಆಮೇಲೆ ಹೊರಡುವ ಬದಲು ನನ್ನ ಕೈಗೆ ಟಾಕು ಕೊಟ್ಟು, ಈಗಿನ ತಲೆಮಾರನ್ನು ಬರಿ ಎಂದರು. ನನ್ನ ಹೆಸರು, ಅಪ್ಪನ ಹೆಸರು ಬರೆದೆ. ಆಯಿಯ ಹೆಸರು, ಅವಳ ತವರು, ಅಕ್ಕನ ಹೆಸರು, ಅವನ್ನೂ ಬರಿ ಎಂದರು. ಪುರೋಹಿತರು ಅಡ್ಡ ಬಂದರು. ಬದುಕಿರುವ ಹೆಂಗಸರ ಹೆಸರು ಬರೆಯುವ ಕ್ರಮ ಇಲ್ಲ, ಅದಕ್ಕೆ ಜಾಗವೂ ಇಲ್ಲ ಎಂದರು.

"ಕ್ರಮದ ಜಾಗದಲ್ಲಿ ಬೇಡ, ಭಟ್ಟರೇ. ಅಂಚು ಖಾಲಿ ಅದೆ. ಅಲ್ಲಿ ಬರೀತಾನೆ," ಎಂದರು ಮಾಮ. "ಇವನ ಮರಿಮಗ ನಮ್ಮ ಹಂಗೆ ಎರಡು ದಿನ ಕೂತ್ಕಳೂದು ಬೇಡ."

ಪುರೋಹಿತರು ನಕ್ಕರು. ನಾನು ಅಂಚಿನಲ್ಲಿ ಬರೆದೆ.

ಭಟ್ಕಳದಲ್ಲಿ ಅಜ್ಜಿ ನಕಲನ್ನು ಎರಡು ಸಲ ಓದಿಸಿದರು. ಆಮೇಲೆ ಅವರಿಗೆ ಏನೋ ನೆನಪಾಯಿತು. ಅವರ ಅತ್ತೆ ಪ್ರತಿ ಮಳೆಗಾಲ ಮೊದಲ ಕೆಸುವಿನ ಎಲೆ ಕೊಯ್ಯುವಾಗ, ಶಾಂತೇರಿ ಹೊನ್ನಾವರದಲ್ಲಿ ಹೇಗಿದ್ದಾಳೋ ಎನ್ನುತ್ತಿದ್ದರಂತೆ. ಯಾರು ಎಂದು ಇವರು ಕೇಳಿರಲಿಲ್ಲ. ಹೊಸ ಸೊಸೆ, ಕೇಳಲು ಧೈರ್ಯ ಬಂದಿರಲಿಲ್ಲ. ಧೈರ್ಯ ಬರುವಷ್ಟರಲ್ಲಿ ಅತ್ತೆ ಹೋಗಿದ್ದರು.

ಈ ಹೆಸರಿಗೆ ಯಾವ ಕಾಗದದ ಆಧಾರವೂ ಇಲ್ಲ. ಅಜ್ಜಿಯ ನೆನಪು ಮಾತ್ರ. ಇಂಥ ಆಧಾರದ ಮೇಲೆ ವಿದ್ಯಾರ್ಥಿಯೊಬ್ಬ ಏನಾದರೂ ಬರೆದು ತಂದರೆ ನಾನು ಕೆಂಪು ಗೆರೆ ಎಳೆಯುತ್ತಿದ್ದೆ. ಆದರೂ ನನ್ನ ಮುತ್ತಜ್ಜಿಯ ಹೆಸರು ಶಾಂತೇರಿ.

ಇದನ್ನು ಕಂಡುಹಿಡಿದವರು ಯಾರು ಎಂದು ಅಜ್ಜಿ ಕೇಳಿದರು. ಮಾಮ ತಮ್ಮ ಹೆಸರು ಹೇಳಲಿಲ್ಲ, ನನ್ನದೂ ಹೇಳಲಿಲ್ಲ. ಹುಡುಗಿ ಎಂದರು. ನಿಮ್ಮನೆಗೆ ಬರೂ ಹುಡುಗಿ. ಅವಳು ಆಡಿದ ಸೋಮವಾರದ ಹುಳಿಯ ಮಾತನ್ನೂ ಹೇಳಿದರು.

"ಆಗ ನಮ್ಮ ಮನೆಯ ಹೆಣ್ಣು ಅಲ್ಲಿಗೆ ಹೋಗಿತ್ತು," ಎಂದರು ಅಜ್ಜಿ. "ಈಗ ಅಲ್ಲಿಂದ ಬರ್ಲಿ. ಸೋಮವಾರ ಹುಳಿ ಇಲ್ದೇ ಊಟ ಮಾಡ್ಲಿಕ್ಕೆ ನಾನು ಈಗಿಂದ್ಲೇ ಅಭ್ಯಾಸ ಮಾಡ್ತೆ."

ಮಾರ್ಗಶಿರದಲ್ಲಿ ಮದುವೆಯಾಯಿತು. ಮಾಮ ತಮ್ಮ ಕಚೇರಿಯ ಕಪ್ಪು ಕೋಟು ತೊಟ್ಟು ಬಂದಿದ್ದರು. ಧಾರೆಯ ಹೊತ್ತಿಗೆ ಪುರೋಹಿತರು ನಮ್ಮ ಗೋತ್ರ ಕೇಳಿದಾಗ, ಹೇಳಬೇಕಾದ ನಾನು ಬಾಯಿ ತೆರೆಯುವ ಮೊದಲೇ ಹಿಂದಿನ ಸಾಲಿನಿಂದ ಕೌಂಡಿನ್ಯ ಎಂದು ಅವರ ಧ್ವನಿ ಬಂತು. ಎಲ್ಲರೂ ತಿರುಗಿ ನೋಡಿದರು. ಅವರು ಸೀಳನ್ನು ಕಿವಿಯಿಂದ ತೆಗೆದು ಮತ್ತೆ ಕಿವಿಗೇ ಸಿಕ್ಕಿಸಿಕೊಂಡು ಮೇಲೆ ಸೂರು ನೋಡುತ್ತಿದ್ದರು.

ಆಮೇಲಿನ ಎರಡು ವರ್ಷ ಅವರು ತಮ್ಮ ಹಳೆಯ ಟಿಪ್ಪಣಿಗಳನ್ನೆಲ್ಲ ಮತ್ತೆ ಬಿಚ್ಚಿ ಕುಳಿತರು. ತಾವು ಯಾರ್ಯಾರಿಗೆ ಏನು ಹೇಳಿ ಕಳಿಸಿದ್ದರೋ ಅವರಲ್ಲಿ ಎಷ್ಟು ಜನರಿಗೆ ತಾಯಿಯ ಮನೆಯನ್ನು ತಂದೆಯ ಮನೆ ಎಂದು ಹೇಳಿದ್ದೇನೋ ಎಂಬ ಚಿಂತೆ ಅವರಿಗೆ ಹತ್ತಿತ್ತು. ತಪ್ಪು ಕಂಡಲ್ಲೆಲ್ಲ ಕಾರ್ಡು ಬರೆದು ಹಾಕಿದರು. ಸೇನಾಪತಿ ವಂಶದ ವ್ಯಾಪಾರಿಗೂ ಒಂದು ಕಾರ್ಡು ಹೋಯಿತು. ಗಡಿಗೆ ತರದ ಪದ್ಧತಿ ಅವರ ತಾಯಿಯ ಕಡೆಯದಂತೆ, ಆದ್ದರಿಂದ ಕುಂಬಾರರ ಕೇರಿ ತಾಯಿಯ ತಂದೆಯ ಮನೆ, ಸ್ವಂತದ್ದಲ್ಲ. ಅಲ್ಲಿಂದ ಉತ್ತರ ಬಂತು. ದೇವರು ಒಲಿದಿದ್ದಾನೆ, ಇನ್ನು ಬದಲಾಯಿಸುವುದಿಲ್ಲ, ಆದರೆ ಸೇನಾಪತಿಯನ್ನು ಮತ್ತೆ ಹುಡುಕಲು ಅಡ್ಡಿಯಿಲ್ಲ ಎಂದು.

ಧಾರವಾಡದಲ್ಲಿ ನನಗೆ ಕೆಲಸ ಸಿಕ್ಕಿತು. ಸ್ವಾತಂತ್ರ್ಯ ಬಂದ ಮರುವರ್ಷದ ಮಳೆಗಾಲ ಮಾಮ ಹೋದರು. ಬೆಳಿಗ್ಗೆ ಆಯಿ ಬಟ್ಟಲು ಹಿಡಿದು ಹೋದಾಗ ಜಗಲಿಯಲ್ಲಿ ಗೋಡೆಗೆ ಒರಗಿ ಕುಳಿತಿದ್ದರಂತೆ, ಮಡಿಲಲ್ಲಿ ಕಾಗದದ ಕಟ್ಟು. ಹಿಂದಿನ ದಿನದ ಬಟ್ಟಲು ತೊಳೆದು ಪಕ್ಕಕ್ಕೆ ಇಟ್ಟಿತ್ತು, ಅದರಲ್ಲಿ ಎರಡು ನಿಂಬೆಹಣ್ಣು.

ಅವರಿಗೆ ಹತ್ತಿರದವರು ಯಾರೂ ಇರಲಿಲ್ಲ. ಗೋಕರ್ಣಕ್ಕೆ ನಾನೇ ಹೋದೆ. ಗುರುಗಳಿಗೆ, ಸ್ನೇಹಿತರಿಗೆ ಪಿಂಡ ಇಡಲು ಶಾಸ್ತ್ರದಲ್ಲಿ ಅವಕಾಶ ಇದೆ ಎಂದು ಅವರೇ ಒಮ್ಮೆ ಹೇಳಿದ್ದರು. ಇಂಥದ್ದರಲ್ಲಿ ನಂಬಿಕೆ ಇಲ್ಲದ ನಾನು ಮುಂಜಾನೆ ಸಮುದ್ರದಲ್ಲಿ ಮುಳುಗಿ, ಒದ್ದೆ ಪಂಚೆಯಲ್ಲಿ ಕುಳಿತೆ. ಪುರೋಹಿತರು ಸಂಬಂಧ ಏನು ಎಂದು ಕೇಳಿದರು. ಎದುರುಮನೆ ಎಂದೆ. ಅವರ ತಂದೆಯ ಹೆಸರು ಕಚೇರಿಯ ಕಾಗದದಲ್ಲಿತ್ತು. ಅಜ್ಜನದು ಯಾರಿಗೂ ಗೊತ್ತಿರಲಿಲ್ಲ. ಮೂರು ತಾಲೂಕಿನ ಮನೆಗಳ ಬೇರು ಹುಡುಕಿದವರು ತಮ್ಮದನ್ನು ಹುಡುಕಿಕೊಂಡಿರಲಿಲ್ಲ. ಪುರೋಹಿತರು ಬರೆಯುವಷ್ಟು ಬರೆದು ವಹಿ ಮುಚ್ಚಲು ಹೋದರು. ನಾನು ತಡೆದು ಟಾಕು ಕೇಳಿದೆ.

ಹೊರಡುವ ಮೊದಲು ಆಯಿಯನ್ನು ಕೇಳಿಕೊಂಡು ಬಂದಿದ್ದೆ. ಅಷ್ಟು ವರ್ಷ ಬಟ್ಟಲು ದಾಟಿಸಿದವಳಿಗೆ ಗೊತ್ತಿತ್ತು. ಅವರ ತಾಯಿಯ ಹೆಸರು ಗಣಪಿ, ತವರು ಮಿರ್ಜಾನ. ಇನ್ನೊಂದು ಸಂಗತಿಯನ್ನೂ ಆಯಿ ಹೇಳಿದಳು. ಅವರ ಮನೆಯಲ್ಲಿ, ತುಂಬಿ ಬಂದ ಪಾತ್ರೆಯನ್ನು ಬರಿದು ಹಿಂದೆ ಕೊಡೂದಿಲ್ಲ. ಅದು ಗಣಪಿಯ ತಾಯಿಯ ಕಡೆಯಿಂದ ಬಂದದ್ದಂತೆ. ಒಮ್ಮೆ ಮಾಮನೇ ಹೇಳಿದ್ದರಂತೆ. ಮೂರನ್ನೂ ಎಡ ಅಂಚಿನಲ್ಲಿ ಬರೆದೆ.

ಇದೆಲ್ಲ ನಿಜವಾಗಿ ಹೀಗೆಯೇ ನಡೆಯಿತೇ ಎಂಬ ಅನುಮಾನ ಈ ಬರಹಕ್ಕೆ ಕುಳಿತ ಮೇಲೆ ಜಾಸ್ತಿಯಾಯಿತು. ಕಳೆದ ತಿಂಗಳು ಗೋಕರ್ಣಕ್ಕೆ ಹೋದೆ. ಆ ಪುರೋಹಿತರ ಮೊಮ್ಮಗ ಕಟ್ಟು ಇಳಿಸಿ ಕೊಟ್ಟ. ನಾನು ಜೇಬಿನಿಂದ ಮಾಮ ಬಿಟ್ಟುಹೋದ ಬಿದಿರ ಸೀಳು ತೆಗೆದು ಪುಟ ಎತ್ತಿದೆ. ಅಕ್ಷರ ನನ್ನದೇ, ಶಾಯಿ ಸ್ವಲ್ಪ ಕಂದಿದೆ. ಗಣಪಿ ಇದ್ದಾಳೆ, ಮಿರ್ಜಾನ ಇದೆ, ಬಟ್ಟಲಿನ ಮಾತೂ ಇದೆ.

ಬರೆದಿರುವುದು ಬಲ ಅಂಚಿನಲ್ಲಿ. ಊರಿಗೆ ಬಂದ ಮೇಲೆ ಅಕ್ಕನಿಗೆ ಕಾಗದ ಹಾಕಿದೆ. ಕಿವಿಯ ವಿಷಯದಲ್ಲಿ ನೀನು ಹೇಳಿದ್ದೇ ಸರಿಯಿರಬೇಕು ಎಂದು.